ಸನ್ಮಾನದ ಋಣ: ನರಮಂಡಲದ ಶೋಧನೆಯೂ ಉಪನ್ಯಾಸದ ಸಂಪ್ರದಾಯವೂ

ವಿದ್ವಾಂಸನನ್ನು ಸನ್ಮಾನಿಸುವ ಪದ್ಧತಿಯು ಎಲ್ಲ ನಾಡುಗಳಲ್ಲಿಯೂ ಉಂಟು. ನಮ್ಮಲ್ಲಿ ಅರಸರು ಅಗ್ರಹಾರಗಳನ್ನೂ ಉಂಬಳಿಗಳನ್ನೂ ಇತ್ತರು; ಮಠಗಳು ಶಾಲು ಹೊದಿಸಿ ಫಲತಾಂಬೂಲಗಳನ್ನು ಕೊಟ್ಟವು; ವಾಕ್ಯಾರ್ಥಸಭೆಗಳಲ್ಲಿ ಪಂಡಿತನು ಮೊದಲು ವಾದಿಸಿ, ಪೂರ್ವಪಕ್ಷವನ್ನು ನಿರಸನಗೊಳಿಸಿ, ಸಭೆಯನ್ನು ಒಪ್ಪಿಸಿದ ತರುವಾಯವೇ ಸಂಭಾವನೆಯನ್ನು ಸ್ವೀಕರಿಸುತ್ತಿದ್ದನು. ಯುರೋಪಿನ ವಿಜ್ಞಾನಸಂಘಗಳಲ್ಲಿ ಬೆಳೆದುಬಂದ ಸಂಪ್ರದಾಯದಲ್ಲಿ ಈ ಕ್ರಮವು ತಿರುವುಮುರುವಾಗಿದೆ. ಅಲ್ಲಿ ಮೊದಲು ಸನ್ಮಾನ, ಆಮೇಲೆ ಮಾತು. ಪಾರಿತೋಷಕವನ್ನು ಪಡೆದವನು ಸಭೆಯ ಮುಂದೆ ನಿಂತು, ತಾನು ಕಂಡುಕೊಂಡುದೇನು, ಯಾವ ಹಾದಿಯಿಂದ ಕಂಡುಕೊಂಡೆ, ಇನ್ನೂ ಕಾಣದೆ ಉಳಿದುದೇನು ಎಂಬುದನ್ನು ಬಿಡಿಸಿ ಹೇಳತಕ್ಕದ್ದು. ನೊಬೆಲ್ ಪ್ರತಿಷ್ಠಾನದ ನಿಯಮಾವಳಿಯು ಇದನ್ನು ಕರ್ತವ್ಯವೆಂದೇ ವಿಧಿಸುತ್ತದೆ: ಪಾರಿತೋಷಕ ಪಡೆದವನು ಆ ಸಮಾರಂಭಕ್ಕೆ ಮೊದಲಾಗಲಿ, ಅನಂತರ ಆರು ತಿಂಗಳೊಳಗಾಗಿಯಾಗಲಿ, ತನ್ನ ಶೋಧನೆಗೆ ಸಂಬಂಧಿಸಿದ ಉಪನ್ಯಾಸವೊಂದನ್ನು ಕೊಡಬೇಕು. ಹೀಗೆ ನೋಡಿದರೆ ಪದಕವೂ ಹಣವೂ ಸಮಾಜವು ವಿಜ್ಞಾನಿಗೆ ಸಲ್ಲಿಸಿದ ಗೌರವವಾದರೆ, ಉಪನ್ಯಾಸವು ವಿಜ್ಞಾನಿಯು ಸಮಾಜಕ್ಕೆ ಒಪ್ಪಿಸುವ ಲೆಕ್ಕವಾಗುತ್ತದೆ.

ಮಿಕ್ಕ ಶಾಸ್ತ್ರಗಳಿಗಿಂತಲೂ ನರಮಂಡಲದ ಶಾಸ್ತ್ರದಲ್ಲಿ ಈ ಲೆಕ್ಕಕ್ಕೆ ಹೆಚ್ಚಿನ ಅರ್ಥವಿದೆ. ಏಕೆಂದರೆ ಮಿದುಳು, ಬೆನ್ನುಹುರಿ, ನರತಂತುಗಳ ಕುರಿತು ಮನುಷ್ಯನು ಇಂದು ತಿಳಿದಿರುವುದರಲ್ಲಿ ಬಹುಭಾಗವು ಹುಚ್ಚರ ಆಸ್ಪತ್ರೆಗಳಲ್ಲಿ, ಅಸಾಧ್ಯರೋಗಿಗಳ ಆಶ್ರಯಗಳಲ್ಲಿ, ಪಾರ್ಶ್ವವಾಯು ಬಡಿದು ಮಾತು ನಿಂತುಹೋದವರ ಹಾಸಿಗೆಗಳ ಪಕ್ಕದಲ್ಲಿ ದೊರೆತದ್ದು. ಯಾರ ಸಂಕಟದಿಂದ ಈ ಜ್ಞಾನವು ಹುಟ್ಟಿತೋ ಅವರಿಗೂ ಅವರ ಮನೆಯವರಿಗೂ ಅದನ್ನು ತಿಳಿಯುವ ಹಕ್ಕಿದೆ ಎಂಬುದೇ ಈ ಸಂಪ್ರದಾಯದ ಚರಿತ್ರೆಯನ್ನು ನೆನೆಯುವುದರ ಪ್ರಯೋಜನ.

ಈ ಚರಿತ್ರೆಯ ಮೊದಲ ಹೆಸರು ವಿಲಿಯಂ ಕ್ರೂನ್ ಎಂಬ ವೈದ್ಯನದು. ಲಂಡನ್ನಿನ ರಾಯಲ್ ಸೊಸೈಟಿಯ ಆದಿಸದಸ್ಯರಲ್ಲಿ ಒಬ್ಬನಾಗಿದ್ದ ಇವನು ಮಾಂಸಖಂಡಗಳು ಹೇಗೆ ಚಲಿಸುತ್ತವೆಂಬ ಪ್ರಶ್ನೆಯಲ್ಲಿ ಜೀವಮಾನವೆಲ್ಲ ಆಸಕ್ತನಾಗಿದ್ದು, ಆ ವಿಷಯದ ಮೇಲೆ ಉಪನ್ಯಾಸವೊಂದನ್ನು ಸ್ಥಾಪಿಸಬೇಕೆಂಬ ಯೋಜನೆಯನ್ನು ಬರೆದಿಟ್ಟು, ಅದಕ್ಕೆ ಹಣವನ್ನು ಮಾತ್ರ ಗೊತ್ತುಮಾಡದೆ 1684ರಲ್ಲಿ ತೀರಿಕೊಂಡನು. ಆತನ ಪತ್ನಿ ಮರುಮದುವೆಯಾದ ಮೇಲೆಯೂ ಮೊದಲ ಗಂಡನ ಸಂಕಲ್ಪವನ್ನು ಮರೆಯದೆ, ಲಂಡನ್ನಿನ ಒಂದು ಪಾನಗೃಹದಿಂದ ಬರುವ ಬಾಡಿಗೆಯ ಐದನೆಯ ಒಂದು ಪಾಲನ್ನು ರಾಯಲ್ ಸೊಸೈಟಿಗೆ ಮೃತ್ಯುಪತ್ರದ ಮೂಲಕ ಬಿಟ್ಟಳು. ಮೊದಲ ಕ್ರೂನಿಯನ್ ಉಪನ್ಯಾಸವು 1738ರಲ್ಲಿ ನಡೆಯಿತು. ನರಗಳಲ್ಲಿ ಹರಿಯುವುದು ದ್ರವವೋ ವಾಯುವೋ ಎಂದು ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದ ಆ ಕಾಲದಲ್ಲಿ, ವಿಧವೆಯೊಬ್ಬಳ ನಿಷ್ಠೆಯಿಂದ ನೆಲೆಗೊಂಡ ಈ ಪರಿಪಾಠವು ಇಂದಿಗೂ ನಡೆದುಬಂದಿರುವುದು ಸಾಮಾನ್ಯವಾದ ಮಾತಲ್ಲ.

ಆದರೆ ನರಮಂಡಲಕ್ಕಾಗಿಯೇ ಮೀಸಲಾದ ಉಪನ್ಯಾಸವು ಡೇವಿಡ್ ಫೆರಿಯರ್ ಎಂಬ ಸ್ಕಾಟಿಷ್ ವೈದ್ಯನ ಹೆಸರಿನಲ್ಲಿದೆ. 1870ರಲ್ಲಿ ಬರ್ಲಿನ್ನಿನ ಫ್ರಿಟ್ಷ್ ಮತ್ತು ಹಿಟ್ಸಿಗ್ ಎಂಬ ಇಬ್ಬರು ನಾಯಿಯ ಮಿದುಳಿನ ಹೊರಪದರಕ್ಕೆ ಸೌಮ್ಯವಾದ ವಿದ್ಯುತ್ತನ್ನು ಹಾಯಿಸಿ, ಇದಿರುಪಾರ್ಶ್ವದ ಕಾಲುಗಳು ಚಲಿಸುವುದನ್ನು ಕಂಡಿದ್ದರು. ಆ ಸುದ್ದಿಯು ಇಂಗ್ಲೆಂಡಿನ ಯಾರ್ಕ್‌ಷೈರಿನ ವೇಕ್‌ಫೀಲ್ಡ್ ಎಂಬ ಊರಿನ ಹುಚ್ಚರ ಆಸ್ಪತ್ರೆಗೆ ತಲುಪಿತು. ಅಲ್ಲಿನ ಅಧೀಕ್ಷಕನಾಗಿದ್ದ ಜೇಮ್ಸ್ ಕ್ರೈಟನ್-ಬ್ರೌನ್ ಎಂಬಾತನು ರೋಗಿಗಳನ್ನು ಕೂಡಿಹಾಕುವುದಷ್ಟೇ ತನ್ನ ಕೆಲಸವೆಂದು ಬಗೆಯದೆ ಆಸ್ಪತ್ರೆಯೊಳಗೇ ಪ್ರಯೋಗಶಾಲೆಯೊಂದನ್ನು ಕಟ್ಟಿಸಿದ್ದನು. ಆತನ ಆಹ್ವಾನದ ಮೇರೆಗೆ 1873ರಲ್ಲಿ ಫೆರಿಯರ್ ಅಲ್ಲಿ ಪ್ರಾಣಿಗಳ ಮೇಲೆ ಪ್ರಯೋಗಗಳನ್ನು ನಡೆಯಿಸಿದನು. ಮಿದುಳಿನ ಯಾವ ಸ್ಥಾನವನ್ನು ಪ್ರಚೋದಿಸಿದರೆ ಬೆರಳು ಮಡಚುವುದು, ಯಾವುದನ್ನು ಪ್ರಚೋದಿಸಿದರೆ ತುಟಿ ಅಲುಗುವುದು ಎಂಬುದನ್ನು ಅಂಗುಲ ಅಂಗುಲವಾಗಿ ಗುರುತಿಸಿ ಮಿದುಳಿನ ನಕ್ಷೆಯೊಂದನ್ನು ಸಿದ್ಧಗೊಳಿಸಿದ ಈತನ ಗ್ರಂಥವು 1876ರಲ್ಲಿ ಪ್ರಕಟವಾಯಿತು.

ನಕ್ಷೆಯು ಕಾಗದದ ಮೇಲೆಯೇ ಉಳಿಯಲಿಲ್ಲ. 1884ರ ನವೆಂಬರ್ 25ರಂದು ಲಂಡನ್ನಿನಲ್ಲಿ ರಿಕ್ಮನ್ ಗಾಡ್ಲೀ ಎಂಬ ಶಸ್ತ್ರವೈದ್ಯನು ಒಬ್ಬ ಯುವಕನ ತಲೆಬುರುಡೆಯನ್ನು ತೆರೆದು, ರೋಗಿಯ ಮುಖದಲ್ಲಿಯೂ ಕೈಯಲ್ಲಿಯೂ ಕಾಣಿಸಿಕೊಂಡಿದ್ದ ಸೆಳವುಗಳನ್ನೇ ಆಧಾರವಾಗಿಟ್ಟು ಎಲ್ಲಿ ಗಂಟು ಇರಬೇಕೆಂದು ಮುಂಚಿತವಾಗಿ ಊಹಿಸಿದ್ದರೋ ಅಲ್ಲಿಯೇ ಅದನ್ನು ಕಂಡು ಹೊರತೆಗೆದನು. ಹೊರಗಿನ ಯಾವ ಊತವೂ ಗಾಯವೂ ಇಲ್ಲದೆ, ಕೇವಲ ಲಕ್ಷಣಗಳ ತರ್ಕದಿಂದ ಮಿದುಳಿನೊಳಗಿನ ಗಂಟನ್ನು ಗುರುತಿಸಿದ್ದು ವೈದ್ಯಶಾಸ್ತ್ರದಲ್ಲಿ ಹೊಸ ಯುಗದ ಆರಂಭವಾಯಿತು. ರೋಗಿಯು ಸುಮಾರು ನಾಲ್ಕು ವಾರಗಳ ತರುವಾಯ ಗಾಯದ ಸೋಂಕಿನಿಂದ ತೀರಿಕೊಂಡನೆಂಬುದನ್ನೂ ಈ ಲೆಕ್ಕದಲ್ಲಿ ಬರೆಯಲೇಬೇಕು. 1928ರಲ್ಲಿ ಫೆರಿಯರ್ ಕಾಲವಾದಾಗ ಅವನ ಸ್ಮರಣಾರ್ಥವಾಗಿ ರಾಯಲ್ ಸೊಸೈಟಿಯಲ್ಲಿ ನರಮಂಡಲದ ರಚನೆ ಮತ್ತು ವ್ಯಾಪಾರಗಳ ಮೇಲಣ ಉಪನ್ಯಾಸವು ಸ್ಥಾಪಿತವಾಯಿತು. ಮೊದಲನೆಯದನ್ನು 1929ರಲ್ಲಿ ಸರ್ ಚಾರ್ಲ್ಸ್ ಶೆರಿಂಗ್ಟನ್ ಕೊಟ್ಟನು. ಮುಂದೆ ಕೆನಡಾದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್, ದೃಷ್ಟಿಶಕ್ತಿಯನ್ನು ಶೋಧಿಸಿದ ಹ್ಯೂಬೆಲ್ ಮತ್ತು ವೀಸೆಲ್ ಮೊದಲಾದವರು ಇದೇ ಪೀಠದಿಂದ ಮಾತನಾಡಿದರು.

ಇನ್ನು ಸ್ಟಾಕ್‌ಹೋಮಿನ ಕಥೆಗೆ ಬರೋಣ. ಉಪನ್ಯಾಸವು ಬರಿಯ ವಂದನಾರ್ಪಣೆಯಲ್ಲ, ಸತ್ಯಕ್ಕಾಗಿ ನಡೆಯುವ ಸಂವಾದ ಎಂಬುದನ್ನು 1906ರ ಡಿಸೆಂಬರ್ ತಿಂಗಳ ಎರಡು ದಿನಗಳಷ್ಟು ಸ್ಪಷ್ಟವಾಗಿ ಬೇರಾವುದೂ ತೋರಿಸಲಾರದು. ಆ ವರ್ಷ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ಮೊಟ್ಟಮೊದಲ ಬಾರಿಗೆ ಇಬ್ಬರಿಗೆ ಹಂಚಲ್ಪಟ್ಟಿತು. ಒಬ್ಬನು ಇಟಲಿಯ ಕಮಿಲ್ಲೋ ಗಾಲ್ಜಿ, ಇನ್ನೊಬ್ಬನು ಸ್ಪೇನಿನ ಸಾಂತಿಯಾಗೋ ರಾಮೋನ್ ಇ ಕಹಾಲ್. ಗಾಲ್ಜಿಯು ಹಣದ ಅಡಚಣೆಯಿಂದ ವಿಶ್ವವಿದ್ಯಾಲಯವನ್ನು ಬಿಟ್ಟು ಅಬ್ಬಿಯಾತೆಗ್ರಾಸ್ಸೊ ಎಂಬ ಸಣ್ಣ ಊರಿನ ಅಸಾಧ್ಯರೋಗಿಗಳ ಆಸ್ಪತ್ರೆಯಲ್ಲಿ ವೈದ್ಯನಾಗಿದ್ದಾಗ, ಅಲ್ಲಿನ ಅಡಿಗೆಮನೆಯನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡು, ಮಿದುಳಿನ ತುಣುಕುಗಳನ್ನು ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ಗಟ್ಟಿಗೊಳಿಸಿ ಬೆಳ್ಳಿಯ ನೈಟ್ರೇಟಿನಲ್ಲಿ ನೆನೆಯಿಸಿ ನೋಡಿದನು. 1873ರಲ್ಲಿ ಪ್ರಕಟವಾದ ಈ ವಿಧಾನಕ್ಕೆ ಕರಿಯ ಪ್ರತಿಕ್ರಿಯೆಯೆಂದು ಹೆಸರಾಯಿತು. ಅದರ ವೈಶಿಷ್ಟ್ಯವೇನೆಂದರೆ ಎಲ್ಲ ಕೋಶಗಳೂ ಬಣ್ಣ ಹಿಡಿಯುವುದಿಲ್ಲ. ಒತ್ತಾಗಿ ಬೆಳೆದ ಜೋಳದ ಹೊಲದಲ್ಲಿ ಎಲ್ಲೋ ಒಂದೆರಡು ದಂಟುಗಳು ಮಾತ್ರ ಬೇರಿನಿಂದ ತೆನೆಯವರೆಗೆ ಕಪ್ಪಾಗಿ ಎದ್ದು ಕಂಡು, ಮಿಕ್ಕವೆಲ್ಲ ಗಾಜಿನಂತೆ ಪಾರದರ್ಶಕವಾದರೆ ಹೇಗಿರುವುದೋ ಹಾಗೆ, ನೂರರಲ್ಲಿ ಕೆಲವೇ ಕೋಶಗಳು ತಮ್ಮ ಎಲ್ಲ ಕವಲುಗಳೊಡನೆ ಪ್ರತ್ಯಕ್ಷವಾಗುತ್ತವೆ. ಬಿಡಿಸಲಾರದ ಗೋಜಲಾಗಿದ್ದ ಮಿದುಳು ಅಂದಿನಿಂದ ನೋಡಲು ಸಾಧ್ಯವಾದ ವಸ್ತುವಾಯಿತು.

ಕಹಾಲನು ಈ ವಿಧಾನವನ್ನು 1887ರಲ್ಲಿ ಮ್ಯಾಡ್ರಿಡ್ಡಿನಲ್ಲಿ ಕಂಡು, ಅದನ್ನು ತಿದ್ದಿ ಸುಧಾರಿಸಿ, ಹಕ್ಕಿಗಳ ಹಾಗೂ ಎಳೆಯ ಪ್ರಾಣಿಗಳ ಮಿದುಳುಗಳ ಮೇಲೆ ಪ್ರಯೋಗಿಸಿದನು. ಅವನ ಕಣ್ಣಿಗೆ ಕಂಡದ್ದು ಗಾಲ್ಜಿಯು ಕಂಡುದಕ್ಕಿಂತ ಬೇರೆಯಾಗಿತ್ತು. ನರತಂತುಗಳೆಲ್ಲ ಒಂದರೊಳಗೊಂದು ಬೆಸೆದುಕೊಂಡು ಅಖಂಡವಾದ ಜಾಲವಾಗಿವೆ ಎಂಬುದು ಗಾಲ್ಜಿಯ ಮತ. ಪ್ರತಿಯೊಂದು ನರಕೋಶವೂ ಸ್ವತಂತ್ರವಾದ ವ್ಯಕ್ತಿ, ಒಂದು ಇನ್ನೊಂದನ್ನು ಸಮೀಪಿಸುವುದೇ ಹೊರತು ಅದರಲ್ಲಿ ಲೀನವಾಗುವುದಿಲ್ಲ ಎಂಬುದು ಕಹಾಲನ ಸಿದ್ಧಾಂತ. ಸ್ಪ್ಯಾನಿಷ್ ಭಾಷೆಯಲ್ಲಿ ಬರೆದ ತನ್ನ ಲೇಖನಗಳನ್ನು ಯುರೋಪಿನ ಪಂಡಿತರು ಓದುವುದಿಲ್ಲವೆಂದು ಮನಗಂಡು, 1889ರಲ್ಲಿ ತಾನೇ ಸೂಕ್ಷ್ಮದರ್ಶಕವನ್ನೂ ಮಾದರಿಗಳನ್ನೂ ಹೊತ್ತುಕೊಂಡು ಬರ್ಲಿನ್ನಿನ ಅಂಗರಚನಾಶಾಸ್ತ್ರಜ್ಞರ ಸಮ್ಮೇಳನಕ್ಕೆ ಹೋಗಿ, ಹಿರಿಯ ಪಂಡಿತನಾದ ಕ್ಯೋಲಿಕರನ ಕಣ್ಣನ್ನು ಆ ಮಸೂರಕ್ಕೆ ತಂದು ಅವನಿಂದ ಒಪ್ಪಿಗೆ ಪಡೆದ ಛಲವು ಸಾಮಾನ್ಯವಾದುದಲ್ಲ. 1891ರಲ್ಲಿ ವಾಲ್ಡೆಯರನು ನರಕೋಶಕ್ಕೆ ನ್ಯೂರಾನ್ ಎಂಬ ಹೆಸರನ್ನಿತ್ತನು. 1894ರಲ್ಲಿ ಕಹಾಲನೇ ಲಂಡನ್ನಿಗೆ ಬಂದು ಕ್ರೂನಿಯನ್ ಉಪನ್ಯಾಸವನ್ನು ಕೊಟ್ಟು ಶೆರಿಂಗ್ಟನ್ನನ ಮನೆಯಲ್ಲಿ ಅತಿಥಿಯಾಗಿದ್ದನು.

ಹೀಗಿರಲು 1906ರ ಡಿಸೆಂಬರ್ 11ರಂದು ಗಾಲ್ಜಿಯು ಮೊದಲು ಮಾತನಾಡಿ, ನ್ಯೂರಾನ್ ಸಿದ್ಧಾಂತವನ್ನೇ ವಿಷಯವನ್ನಾಗಿ ಆರಿಸಿಕೊಂಡು ಅದನ್ನು ಖಂಡಿಸಿದನು. ಮರುದಿನ, ಡಿಸೆಂಬರ್ 12ರಂದು, ಕಹಾಲನು ಅದೇ ಸಿದ್ಧಾಂತವನ್ನು ಚಿತ್ರಗಳಿಂದಲೂ ಪ್ರಮಾಣಗಳಿಂದಲೂ ಸಮರ್ಥಿಸಿದನು. ಒಂದೇ ಪಾರಿತೋಷಕ, ಒಂದೇ ವಿಧಾನದಿಂದ ಬಣ್ಣ ಹಿಡಿದ ಒಂದೇ ವಸ್ತು, ಎರಡು ಪರಸ್ಪರವಿರುದ್ಧವಾದ ನಿರ್ಣಯಗಳು. ಆ ಸಭೆಯಲ್ಲಿ ಕುಳಿತವರಿಗೆ ಇದರಿಂದ ಮುಜುಗರವಾಗಿದ್ದರೂ ವಿಜ್ಞಾನಕ್ಕೆ ಹಾನಿಯಾಗಲಿಲ್ಲ. ಇಬ್ಬರೂ ತಮ್ಮ ಆಧಾರಗಳನ್ನು ಸರ್ವರ ಮುಂದೆ ಇಟ್ಟುದರಿಂದಲೇ ಮುಂದಿನ ತಲೆಮಾರಿನವರು ಪರೀಕ್ಷಿಸಬೇಕಾದುದೇನೆಂಬುದು ನಿಚ್ಚಳವಾಯಿತು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಕೋಶಕೋಶಗಳ ನಡುವಣ ಸೂಕ್ಷ್ಮವಾದ ಬಿರುಕನ್ನು ತೋರಿಸಿಕೊಟ್ಟಾಗ ಕಹಾಲನ ಪಕ್ಷವೇ ಗೆದ್ದಿತು. ಆದರೆ ಗೆದ್ದವನ ಕೈಯಲ್ಲಿದ್ದ ಆಯುಧವು ಸೋತವನು ಕೊಟ್ಟದ್ದೆಂಬುದನ್ನು ಮರೆಯಲಾಗದು.

ತರುವಾಯದ ಉಪನ್ಯಾಸಗಳನ್ನು ಕ್ರಮವಾಗಿ ಓದುವವನಿಗೆ ಈ ಶಾಸ್ತ್ರದ ಬೆಳವಣಿಗೆಯೇ ಕಣ್ಣೆದುರು ಬರುವುದು. 1932ರಲ್ಲಿ ಶೆರಿಂಗ್ಟನ್ನನು ಒಂದು ಸ್ನಾಯು ಬಿಗಿಯುವಾಗ ಅದರ ಇದಿರಾಳಿಯು ಸಡಿಲಾಗುವುದಕ್ಕೆ ನರಮಂಡಲದ ನಿರೋಧಶಕ್ತಿಯೇ ಕಾರಣವೆಂದು ವಿವರಿಸಿದನು. ಅದೇ ವರ್ಷ ಏಡ್ರಿಯನ್ನನು ನರತಂತುವಿನಲ್ಲಿ ಹರಿಯುವ ಸ್ಪಂದನವು ಯಾವಾಗಲೂ ಒಂದೇ ಪ್ರಮಾಣದ್ದಾಗಿರುವುದೆಂದೂ, ನೋವಾಗಲಿ ಸ್ಪರ್ಶವಾಗಲಿ ತೀವ್ರವಾದಷ್ಟೂ ಸ್ಪಂದನಗಳ ಸಂಖ್ಯೆ ಹೆಚ್ಚುವುದೇ ಹೊರತು ಗಾತ್ರವಲ್ಲವೆಂದೂ ತಿಳಿಸಿದನು. 1936ರಲ್ಲಿ ಆಟೋ ಲೋವಿ, ಹೆನ್ರಿ ಡೇಲ್ ಇಬ್ಬರೂ ಸಂದೇಶವು ನರದ ತುದಿಯಿಂದ ರಾಸಾಯನಿಕ ದ್ರವ್ಯದ ಮೂಲಕ ದಾಟುವುದನ್ನು ಹೇಳಿದರು. ಎರಡೇ ವರ್ಷಗಳಲ್ಲಿ ಆಸ್ಟ್ರಿಯಾವನ್ನು ಆಕ್ರಮಿಸಿದ ನಾಜಿಗಳು ಯಹೂದ್ಯನಾದ ಲೋವಿಯನ್ನು ಸೆರೆಯಲ್ಲಿಟ್ಟು, ಪಾರಿತೋಷಕದ ಹಣವನ್ನೆಲ್ಲ ತಮಗೆ ಒಪ್ಪಿಸಿದ ಮೇಲೆಯೇ ದೇಶವನ್ನು ಬಿಡಲು ಅನುಮತಿಸಿದರು. ಹಣವು ಹೋಯಿತು, ಸ್ಟಾಕ್‌ಹೋಮಿನಲ್ಲಿ ಆಡಿದ ಮಾತು ಮಾತ್ರ ಯಾರ ವಶಕ್ಕೂ ಹೋಗದೆ ಉಳಿಯಿತು.

ಈ ದೂರದ ವೃತ್ತಾಂತಗಳಿಗೂ ಮಲಪ್ರಭೆಯ ಸೀಮೆಗೂ ಏನು ಸಂಬಂಧವೆಂದು ಕೇಳುವವರು ಇರಬಹುದು. ಬೈಲಹೊಂಗಲ ತಾಲೂಕಿನ ದೊಡವಾಡದಂಥ ಊರನ್ನೇ ತೆಗೆದುಕೊಳ್ಳಿರಿ. ಎರೆಭೂಮಿಯ ಈ ಊರುಗಳಲ್ಲಿ ನರಮಂಡಲದ ವ್ಯಾಧಿಗಳು ಅಪರಿಚಿತವಲ್ಲ. ಲಕ್ವಾ ಹೊಡೆದು ಮೈಯ ಒಂದು ಪಾರ್ಶ್ವ ಬಿದ್ದುಹೋದ ಹಿರಿಯರೂ, ಮೂರ್ಛೆ ಬಂದು ಬಿದ್ದವನ ಕೈಗೆ ಕಬ್ಬಿಣದ ಕೀಲಿಯನ್ನು ಕೊಡುವ ನೆರೆಯವರೂ, ಮನಸ್ಸು ಕೆಟ್ಟ ಮಗಳನ್ನು ಗುಡ್ಡಕ್ಕೂ ದರ್ಗಾಕ್ಕೂ ಕರೆದೊಯ್ಯುವ ತಾಯಿಯೂ ಇಲ್ಲಿ ಎಲ್ಲ ಕಾಲದಲ್ಲಿಯೂ ಇದ್ದಾರೆ. ಬಲಪಾರ್ಶ್ವ ಬಿದ್ದವನಿಗೆ ಮಾತೂ ಬಿದ್ದುಹೋಗುವುದು ಹೆಚ್ಚೆಂಬುದನ್ನು ರೋಗಿಯ ಶುಶ್ರೂಷೆ ಮಾಡಿದವರು ಕಂಡೇ ಇರುತ್ತಾರೆ. ಬಲಗೈಯನ್ನು ಆಳುವ ಸ್ಥಾನವೂ ಮಾತನ್ನು ಆಳುವ ಸ್ಥಾನವೂ ಬಹುಜನರಲ್ಲಿ ಮಿದುಳಿನ ಎಡಭಾಗದಲ್ಲಿಯೇ ಅಕ್ಕಪಕ್ಕದಲ್ಲಿರುವುದೇ ಅದಕ್ಕೆ ಕಾರಣ. ಬ್ರೋಕಾ ಎಂಬ ಫ್ರೆಂಚ್ ವೈದ್ಯನು ಮಾತಿನ ಸ್ಥಾನವನ್ನು 1861ರಲ್ಲಿ ತೋರಿಸಿದನು. ಚಲನೆಯ ಸ್ಥಾನವನ್ನು ಫೆರಿಯರನ ನಕ್ಷೆಯು ತೋರಿಸಿತು. ಮನೆಯವರು ಕಣ್ಣಾರೆ ಕಂಡುದಕ್ಕೆ ಉತ್ತರವು ಇಷ್ಟು ಸರಳವಾಗಿ ಸಿದ್ಧವಾಗಿದ್ದರೂ, ಅದು ಅವರ ಬಾಗಿಲಿಗೆ ಬರಲು ನೂರು ವರ್ಷಗಳಿಗೂ ಮೀರಿ ತಡವಾಯಿತು.

ಬೆಳಗಾವಿಯು ಪ್ರತ್ಯೇಕ ಜಿಲ್ಲೆಯಾದುದು 1836ರಲ್ಲಿ; ಅದಕ್ಕೆ ಮುನ್ನ ಕಿತ್ತೂರು ಸೀಮೆಯೂ ಧಾರವಾಡದ ಕಲೆಕ್ಟರನ ಆಡಳಿತಕ್ಕೆ ಒಳಪಟ್ಟಿತ್ತು. ಆಡಳಿತವು ಬೇರೆಯಾದರೂ ಈ ಭಾಗದವರ ದಾರಿ ಧಾರವಾಡಕ್ಕೆ ಹೋಗುವುದು ತಪ್ಪಲಿಲ್ಲ. ಆ ಧಾರವಾಡದಲ್ಲಿ 1845ರಲ್ಲಿ ಮುಂಬಯಿ ಸರಕಾರದ ಹುಚ್ಚರ ಆಸ್ಪತ್ರೆಯು ಸ್ಥಾಪಿತವಾಯಿತು. ಮೈಸೂರು ಸೀಮೆಯಲ್ಲಿ ಬೆಂಗಳೂರಿನ ಆಸ್ಪತ್ರೆಯು 1847ರಲ್ಲಿ ಚಾರ್ಲ್ಸ್ ಅರ್ವಿಂಗ್ ಸ್ಮಿತ್ ಎಂಬ ಶಸ್ತ್ರವೈದ್ಯನಿಂದ ಆರಂಭವಾಯಿತು. ಹೀಗೆ ಕನ್ನಡ ನಾಡಿನ ಎರಡು ಭಾಗಗಳಲ್ಲಿ, ಎರಡು ಬೇರೆ ಆಡಳಿತಗಳ ಕೆಳಗೆ, ಎರಡು ವರ್ಷಗಳ ಅಂತರದಲ್ಲಿ ಎರಡು ಆಸ್ಪತ್ರೆಗಳು ಎದ್ದವು. ವೇಕ್‌ಫೀಲ್ಡಿನ ಆಸ್ಪತ್ರೆಯು ತೆರೆದದ್ದು 1818ರಲ್ಲಿ. ಅದಕ್ಕೂ ಇವಕ್ಕೂ ವಯಸ್ಸಿನಲ್ಲಿ ಮಹತ್ತರವಾದ ಅಂತರವಿಲ್ಲ. ಅಂತರವಿದ್ದುದು ಉದ್ದೇಶದಲ್ಲಿ. ಅಲ್ಲಿ ಕ್ರೈಟನ್-ಬ್ರೌನನು ರೋಗದ ಕಾರಣವನ್ನು ಹುಡುಕುವುದೂ ಆಸ್ಪತ್ರೆಯ ಕರ್ತವ್ಯವೆಂದು ನಂಬಿದನು. ಇಲ್ಲಿ 1858ರ ಕಾಯಿದೆಯೂ 1912ರ ಕಾಯಿದೆಯೂ ರೋಗಿಯನ್ನು ಯಾರ ಆಜ್ಞೆಯಿಂದ ಒಳಗೆ ಸೇರಿಸಬೇಕು, ಯಾರ ಆಜ್ಞೆಯಿಂದ ಹೊರಗೆ ಬಿಡಬೇಕು ಎಂಬುದನ್ನೇ ಮುಖ್ಯವಾಗಿ ಚಿಂತಿಸಿದುವು. ಗೋಡೆಯು ಎತ್ತರವಾಗಿತ್ತು, ಗೋಡೆಯ ಒಳಗಿನ ಸಂಕಟದಿಂದ ಕಲಿಯುವವರು ಇರಲಿಲ್ಲ.

ಬೆಂಗಳೂರಿನಲ್ಲಿ ಈ ಸ್ಥಿತಿಯು ಮೊದಲು ಬದಲಾಯಿತು. 1925ರಲ್ಲಿ ಆಸ್ಪತ್ರೆಗೆ ಮಾನಸಿಕ ರೋಗಗಳ ಆಸ್ಪತ್ರೆಯೆಂಬ ಹೆಸರು ಬಂದಿತು, ಡಾ. ಫ್ರಾಂಕ್ ನರೋನ್ಹಾ ಅವರ ಶ್ರಮದಿಂದಲೂ ದಿವಾನ್ ಮಿರ್ಜಾ ಇಸ್ಮಾಯಿಲರ ಆಸ್ಥೆಯಿಂದಲೂ 1930ರ ದಶಕದಲ್ಲಿ ಅದು ಪೇಟೆಯ ಇಕ್ಕಟ್ಟನ್ನು ಬಿಟ್ಟು ಲಕ್ಕಸಂದ್ರದ ವಿಶಾಲವಾದ ಬಯಲಿಗೆ ಸ್ಥಳಾಂತರಗೊಂಡಿತು. ನರೋನ್ಹಾ ಅವರ ತರುವಾಯ ಬಂದ ಡಾ. ಎಂ. ವಿ. ಗೋವಿಂದಸ್ವಾಮಿಯವರು ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿಯೂ ಅಮೆರಿಕೆಯ ಜಾನ್ಸ್ ಹಾಪ್ಕಿನ್ಸಿನಲ್ಲಿಯೂ ಅಭ್ಯಾಸ ಮಾಡಿದವರು. ಭಾರತೀಯ ದರ್ಶನಗಳಲ್ಲಿಯೂ ಆಸಕ್ತರು. ಆಗಿನ ಪ್ರಪಂಚದಲ್ಲಿ ಹೊಸದಾಗಿದ್ದ ಚಿಕಿತ್ಸೆಗಳೆಲ್ಲ ಇವರ ಕಾಲದಲ್ಲಿ ಬೆಂಗಳೂರಿಗೆ ಬಂದವು. ಮಿದುಳಿನ ಮುಂಭಾಗದ ತಂತುಗಳನ್ನು ಕತ್ತರಿಸುವ ಲ್ಯೂಕೋಟಮಿ ಎಂಬ ಶಸ್ತ್ರಕ್ರಿಯೆಯನ್ನು ಭಾರತೀಯ ರೋಗಿಗಳ ಮೇಲೆ ನಡೆಯಿಸಿದುದರ ವರದಿಯನ್ನು ಗೋವಿಂದಸ್ವಾಮಿಯವರೂ ಅವರ ಸಹೋದ್ಯೋಗಿಯೂ 1944ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು.

ಈ ಶಸ್ತ್ರಕ್ರಿಯೆಯನ್ನು 1935ರಲ್ಲಿ ಲಿಸ್ಬನ್ನಿನಲ್ಲಿ ಆರಂಭಿಸಿದ ಎಗಾಸ್ ಮೊನೀಜನಿಗೆ 1949ರ ನೊಬೆಲ್ ಪಾರಿತೋಷಕದ ಅರ್ಧಭಾಗವು ಸಂದಿತು. ಅವನಿಗೆ ಸ್ಟಾಕ್‌ಹೋಮಿಗೆ ಬರಲಾಗಲಿಲ್ಲ. ಅವನ ಉಪನ್ಯಾಸವೂ ನಡೆಯಲಿಲ್ಲ. ಯಾವ ಔಷಧವೂ ಇಲ್ಲದ ಕಾಲದಲ್ಲಿ ಉಗ್ರವಾದ ಉನ್ಮಾದವನ್ನು ಶಮನಗೊಳಿಸುವ ಆಸೆಯಿಂದ ಹುಟ್ಟಿದ ಈ ಚಿಕಿತ್ಸೆಯು ಅನೇಕರ ವ್ಯಕ್ತಿತ್ವವನ್ನೇ ಅಳಿಸಿಹಾಕಿತೆಂದು ಮುಂದೆ ಎಲ್ಲರೂ ಮನಗಂಡರು. ಯಾರಿಗೆ ಗುಣವಾಯಿತು, ಯಾರಿಗೆ ಕೇಡಾಯಿತು, ಎಷ್ಟು ಕಾಲ ಅವರನ್ನು ಗಮನಿಸಲಾಯಿತು ಎಂಬ ಪ್ರಶ್ನೆಗಳಿಗೆ ಆ ಪೀಠದಿಂದ ಉತ್ತರ ಕೊಡಬೇಕಾಗಿದ್ದ ಪಾರಿತೋಷಕಗಳಲ್ಲಿ ಇದೇ ಅಗ್ರಗಣ್ಯವಾದುದು. ಅಲ್ಲಿಯೇ ಲೆಕ್ಕವು ಒಪ್ಪಿತವಾಗದೆ ಉಳಿಯಿತು. ಗಾಲ್ಜಿಯ ತಪ್ಪು ನಿರ್ಣಯವು ಸಭೆಯ ಮುಂದೆ ಆಡಲ್ಪಟ್ಟುದರಿಂದ ಮರುದಿನವೇ ಪ್ರತ್ಯುತ್ತರವನ್ನು ಪಡೆಯಿತು. ಮೊನೀಜನ ಚಿಕಿತ್ಸೆಗೆ ಆ ಭಾಗ್ಯವಿರಲಿಲ್ಲ. ಸನ್ಮಾನವು ಮಾತಿಲ್ಲದೆ ಮುಗಿಯಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

1952ರಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧವು ಬಂದು ಕತ್ತಿಯ ಅವಶ್ಯಕತೆಯನ್ನು ಬಹುಮಟ್ಟಿಗೆ ತಪ್ಪಿಸಿತು. ಅದೇ ವರ್ಷ ನಮ್ಮ ಸರ್ಪಗಂಧಿಯ ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ಸ್ವಿಟ್ಜರ್ಲೆಂಡಿನಲ್ಲಿ ಬೇರ್ಪಡಿಸಿದರು. ಉನ್ಮಾದಕ್ಕೂ ರಕ್ತದ ಒತ್ತಡಕ್ಕೂ ಈ ಬೇರು ಉಪಯುಕ್ತವೆಂದು ಕಲ್ಕತ್ತೆಯ ಗಣನಾಥ ಸೇನರೂ ಕಾರ್ತಿಕಚಂದ್ರ ಬೋಸರೂ 1931ರಲ್ಲಿಯೇ ಬರೆದಿದ್ದರು. ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ನನು ರೆಸರ್ಪಿನ್ ಕೊಟ್ಟ ಪ್ರಾಣಿಗಳು ಕಲ್ಲಾಗಿ ನಿಂತುಬಿಡುವುದನ್ನೂ, ಎಲ್-ಡೋಪ ಎಂಬ ದ್ರವ್ಯವನ್ನು ಕೊಟ್ಟೊಡನೆ ಅವು ಮತ್ತೆ ಚಲಿಸುವುದನ್ನೂ ಕಂಡು, ಮಿದುಳಿನಲ್ಲಿ ಡೋಪಮೀನ್ ಎಂಬ ದ್ರವ್ಯದ ಪಾತ್ರವನ್ನು ಸ್ಥಾಪಿಸಿದನು. ಪಾರ್ಕಿನ್ಸನ್ ರೋಗದ ಚಿಕಿತ್ಸೆಯು ಇದರಿಂದಲೇ ಹುಟ್ಟಿತು. 2000ದ ಡಿಸೆಂಬರಿನಲ್ಲಿ ಕಾರ್ಲ್ಸನ್ನನು ಕೊಟ್ಟ ನೊಬೆಲ್ ಉಪನ್ಯಾಸವು ಹೀಗೆ, ನಮ್ಮ ವೈದ್ಯರು ತಲೆತಲಾಂತರದಿಂದ ಬಲ್ಲ ಬೇರೊಂದಕ್ಕೂ ಋಣಿಯಾಗಿದೆ.

1946ರ ಭೋರ್ ಸಮಿತಿಯ ಸಲಹೆಯಂತೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಬೆಂಗಳೂರಿನ ಆಸ್ಪತ್ರೆಯ ಆವರಣದಲ್ಲಿ ಜನ್ಮತಾಳಿತು. ಗೋವಿಂದಸ್ವಾಮಿಯವರೇ ಅದರ ಮೊದಲ ನಿರ್ದೇಶಕರಾದರು. 1958ರಿಂದ ಡಾ. ಆರ್. ಮಾರ್ತಾಂಡ ವರ್ಮರು ಅಲ್ಲಿ ನರಶಸ್ತ್ರಚಿಕಿತ್ಸೆಯನ್ನು ಬೆಳೆಯಿಸಿ, ಪಾರ್ಕಿನ್ಸನ್ ರೋಗದ ನಡುಕವನ್ನು ತಗ್ಗಿಸಲು ತಲೆಬುರುಡೆಯ ತಳದ ಸಹಜರಂಧ್ರವೊಂದರ ಮೂಲಕ ಸೂಜಿಯನ್ನು ಹಾಯಿಸುವ ವಿಧಾನವನ್ನು ರೂಪಿಸಿದರು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಅದೇ ಸಂಸ್ಥೆಯಲ್ಲಿ ಮನೋವೈದ್ಯರಾಗಿದ್ದ ಡಾ. ಡಿ. ಎಲ್. ಎನ್. ಮೂರ್ತಿರಾಯರ ಹೆಸರಿನಲ್ಲಿ ಭಾರತೀಯ ಮನೋವೈದ್ಯರ ಸಂಘವು ಸ್ಮಾರಕೋಪನ್ಯಾಸವೊಂದನ್ನು ಏರ್ಪಡಿಸಿ, ಅದನ್ನು ಕೊಡುವುದನ್ನೇ ಶ್ರೇಷ್ಠವಾದ ಗೌರವವೆಂದು ಪರಿಗಣಿಸಿದೆ. 1995ರಿಂದ ಅಲ್ಲಿರುವ ಮಿದುಳಿನ ಸಂಗ್ರಹಾಗಾರದಲ್ಲಿ, ಮರಣಾನಂತರ ಬಂಧುಗಳು ದಾನವಾಗಿ ಕೊಟ್ಟ ಮಿದುಳುಗಳನ್ನು ಶೋಧಕರ ಉಪಯೋಗಕ್ಕಾಗಿ ಕಾಪಿಡಲಾಗಿದೆ. ದುಃಖದ ಗಳಿಗೆಯಲ್ಲಿ ಕೊಟ್ಟ ಇಂಥ ದಾನಕ್ಕೆ ಪ್ರತಿಯಾಗಿ ಶಾಸ್ತ್ರವು ಏನನ್ನು ಕೊಡಬಲ್ಲದು?

ಈ ಪ್ರಶ್ನೆಗೆ ಉತ್ತರವನ್ನು ಅರಸುವವರಿಗೆ ನಮ್ಮಲ್ಲಿಯೇ ದೊಡ್ಡ ಮೇಲ್ಪಂಕ್ತಿಗಳಿವೆ. ಬೆಳಕಿನ ಶೋಧನೆಗಾಗಿ ನೊಬೆಲ್ ಪಡೆದ ಸರ್ ಸಿ. ವಿ. ರಾಮನ್ನರು ವೃದ್ಧಾಪ್ಯದಲ್ಲಿ ಇಂದ್ರಿಯಗಳ ಕಡೆಗೆ ತಿರುಗಿ, 1968ರಲ್ಲಿ ದೃಷ್ಟಿಯ ಕುರಿತು ಗ್ರಂಥವನ್ನು ಪ್ರಕಟಿಸಿದರು. ಬೆಂಗಳೂರಿನ ತಮ್ಮ ಸಂಸ್ಥೆಯಲ್ಲಿ ಗಾಂಧೀ ಸ್ಮಾರಕೋಪನ್ಯಾಸವನ್ನು ತಾವೇ ಕೊಡುವ ಪರಿಪಾಠವನ್ನಿಟ್ಟುಕೊಂಡಿದ್ದ ಅವರು 1970ರ ಅಕ್ಟೋಬರ್ 2ರಂದು ಕಿವಿಯು ನಾದವನ್ನು ಹೇಗೆ ಗ್ರಹಿಸುತ್ತದೆಂಬುದನ್ನು ವಿಷಯವಾಗಿ ಆರಿಸಿಕೊಂಡರು. ಅದೇ ವರ್ಷದ ನವೆಂಬರ್ 21ರಂದು ಅವರು ತೀರಿಕೊಂಡರು. ಎಂಬತ್ತೊಂದು ವರ್ಷದ ಹಿರಿಯರು ತಮ್ಮ ಪದಕದ ನಲವತ್ತು ವರ್ಷಗಳ ಬಳಿಕವೂ ಸಭೆಗೆ ಲೆಕ್ಕ ಒಪ್ಪಿಸುವುದನ್ನು ನಿಲ್ಲಿಸಿರಲಿಲ್ಲ.

ಜನರ ಭಾಷೆಯಲ್ಲಿ ಶಾಸ್ತ್ರವನ್ನು ಹೇಳಿದ ಪರಂಪರೆಯೂ ನಮಗೆ ಹೊಸದಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ಅಧ್ಯಾಪಕರನ್ನು ಹಳ್ಳಿಗಳಿಗೆ ಕರೆದೊಯ್ದವು. ನಮ್ಮ ಭಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗವು, ಕವಿ ಚೆನ್ನವೀರ ಕಣವಿಯವರು ಅದರ ಹೊಣೆ ಹೊತ್ತಿದ್ದ ದೀರ್ಘಕಾಲದಲ್ಲಿ, ಊರೂರಿನಲ್ಲಿ ಉಪನ್ಯಾಸಗಳನ್ನು ನಡೆಯಿಸಿ ಅವುಗಳನ್ನು ಕಿರುಹೊತ್ತಗೆಗಳಾಗಿ ಅಗ್ಗದ ಬೆಲೆಗೆ ಕೊಟ್ಟಿತು. ವೈದ್ಯರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಮನ್ನಣೆ ದೊರೆಯಿತು; ನಿಮ್ಹಾನ್ಸಿನ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನೋರೋಗಗಳ ವಿಷಯವಾಗಿ ಕನ್ನಡದಲ್ಲಿ ಬಹುಸಂಖ್ಯೆಯ ಪುಸ್ತಕಗಳನ್ನು ಬರೆದರು. ಸಂಸ್ಥೆಯೇ ಬೆಂಗಳೂರಿನ ಬಳಿಯ ಸಕಲವಾರದಲ್ಲಿಯೂ ಮುಂದೆ ಬಳ್ಳಾರಿ ಜಿಲ್ಲೆಯಲ್ಲಿಯೂ ಸಾಮಾನ್ಯ ಆರೋಗ್ಯಕೇಂದ್ರದ ವೈದ್ಯರ ಮೂಲಕ ಹಳ್ಳಿಯಲ್ಲೇ ಮಾನಸಿಕ ಚಿಕಿತ್ಸೆಯನ್ನು ಒದಗಿಸುವ ಪ್ರಯೋಗವನ್ನು ಕೈಗೊಂಡಿತು. ಬಳ್ಳಾರಿಯ ಮಾದರಿಯೇ ಮುಂದೆ ರಾಷ್ಟ್ರದ ಜಿಲ್ಲಾ ಯೋಜನೆಗೆ ಆಧಾರವಾಯಿತು.

ಆದುದರಿಂದ ಈಗ ಮಾಡಬೇಕಾದುದು ಹೊಸದಾಗಿ ಕಲ್ಪಿಸತಕ್ಕ ಕೆಲಸವಲ್ಲ. ಇದ್ದ ಎರಡು ಸಂಪ್ರದಾಯಗಳನ್ನು ಕೂಡಿಸುವ ಕೆಲಸ. ಕರ್ನಾಟಕದಲ್ಲಿ ಇಂದು ಮಿದುಳಿನ ಶೋಧನೆಗೆ ಕೊರತೆಯಿಲ್ಲ. ಒಬೈದ್ ಸಿದ್ದೀಕಿಯವರು ಬೆಂಗಳೂರಿನಲ್ಲಿ ಕಟ್ಟಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವೂ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳಿನ ಸಂಶೋಧನಕೇಂದ್ರವೂ, 2009ರಲ್ಲಿ ಡಿಮ್ಹಾನ್ಸ್ ಎಂಬ ಹೆಸರನ್ನು ಪಡೆದ ಧಾರವಾಡದ ಹಳೆಯ ಆಸ್ಪತ್ರೆಯೂ ಇವೆ. ಪದಕಗಳೂ ಸ್ಮಾರಕೋಪನ್ಯಾಸಗಳೂ ವರ್ಷವರ್ಷವೂ ನಡೆಯುತ್ತಿವೆ. ಆ ಉಪನ್ಯಾಸಗಳನ್ನು ಕೊಡುವವರು ಒಮ್ಮೆ ಇಂಗ್ಲಿಷಿನಲ್ಲಿ ತಮ್ಮ ಸಮಾನರ ಮುಂದೆ ಮಾತನಾಡಿದ ತರುವಾಯ, ಅದೇ ವಿಷಯವನ್ನು ಇನ್ನೊಮ್ಮೆ ಕನ್ನಡದಲ್ಲಿ ಧಾರವಾಡದಲ್ಲಿಯೂ ಬೈಲಹೊಂಗಲದಲ್ಲಿಯೂ ದೊಡವಾಡದ ಶಾಲೆಯ ಅಂಗಳದಲ್ಲಿಯೂ ಹೇಳುವುದು ಪಾರಿತೋಷಕದ ನಿಯಮವೇ ಆಗಬೇಕು. ಲಕ್ವಾ ಹೊಡೆದ ಕೂಡಲೆ ಎಷ್ಟು ಗಂಟೆಗಳೊಳಗೆ ಆಸ್ಪತ್ರೆಯನ್ನು ಸೇರಿದರೆ ಮಿದುಳು ಉಳಿಯುವುದು, ಮೂರ್ಛೆಯ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದೇಕೆ, ಮನಸ್ಸು ಕೆಟ್ಟವಳನ್ನು ಸರಪಳಿಯಿಂದ ಬಿಗಿಯುವುದರಿಂದ ಆಗುವ ಅನರ್ಥವೇನು ಎಂಬಿವು ಅಲ್ಲಿ ಚರ್ಚೆಯಾಗಲಿ. ಕೇಳುವವರಿಗೆ ಪ್ರಶ್ನಿಸುವ ಅವಕಾಶವಿರಲಿ. ನರರೋಗಿಯನ್ನು ಹತ್ತು ವರ್ಷ ಸಾಕಿದ ತಾಯಿಯ ಪ್ರಶ್ನೆಯು ಯಾವ ಪಂಡಿತನ ಪ್ರಶ್ನೆಗಿಂತಲೂ ಕಿರಿದಲ್ಲ. ಉತ್ತರ ತಿಳಿಯದಿದ್ದರೆ ತಿಳಿಯದೆಂದು ಹೇಳುವ ಧೈರ್ಯವೂ ಉಪನ್ಯಾಸಕನಿಗೆ ಇರಲಿ, ಏಕೆಂದರೆ ಉಳಿದುಹೋದ ಪ್ರಶ್ನೆಗಳನ್ನು ತೋರಿಸುವುದೂ ಲೆಕ್ಕದ ಒಂದು ಭಾಗವೇ ಆಗಿದೆ. ವಿದ್ವಾಂಸರ ಸಭೆಯಲ್ಲಿ ಆಡಿದ ಮಾತಿನಿಂದ ಶಾಸ್ತ್ರವು ಶುದ್ಧವಾಗುವುದು. ಜನರ ಸಭೆಯಲ್ಲಿ ಆಡಿದ ಮಾತಿನಿಂದ ಅದು ಸಾರ್ಥಕವಾಗುವುದು. ಇವೆರಡರಲ್ಲಿ ಒಂದನ್ನು ಮಾತ್ರ ಮಾಡಿದವನ ಸನ್ಮಾನವು ಇನ್ನೂ ಅರ್ಧವೇ ಸಂದಿದೆಯೆಂದು ತಿಳಿಯತಕ್ಕದ್ದು.